ಮಗನಿಗೆ ಕೊಟ್ಟ ಬೆಲ್ಲ ನೀರು

“ಒಂದು ಮಾತು ಕೇಳಬೇಕಿತ್ತು, ಬುದ್ಧಿ. ರಾಜ್ಯಶಾಸ್ತ್ರ, ಭಾಷೆ, ಸಮಾಜಶಾಸ್ತ್ರ, ಈ ಮೂರರಲ್ಲಿ ಯಾವುದನ್ನು ಓದಿದರೆ ನಾಲ್ಕು ಜನರ ನಡುವೆ ಮರ್ಯಾದೆ ಸಿಗುತ್ತದೆ?” ಎಂದು ಹಾಲೇಶ ಮಠದ ಗುರುಗಳನ್ನು ಕೇಳಿದ. ಅವನು ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಪಿಯುಸಿ ಮುಗಿಸಿದ್ದ. ಅಂದು ಬಿ.ಎ.ಗೆ ಸೇರುವವನಿದ್ದ.

ಗುರುಗಳು ಕಿಟಕಿಯಿಂದ ಗೇಟಿನ ಕಡೆ ಒಮ್ಮೆ ನೋಡಿ ನಕ್ಕರು. “ಮರ್ಯಾದೆಯನ್ನೂ ಈಗ ಕಾಲೇಜಿನಲ್ಲಿ ಕೊಡುತ್ತಾರೇನಪ್ಪ? ಕೂತುಕೋ. ಮೂರನ್ನೂ ಓದಿದವನೊಬ್ಬನ ಕತೆ ಹೇಳುತ್ತೇನೆ” ಎಂದರು.

ಒಬ್ಬ ಹೆಂಗಸು ಈಚಲು ಗರಿಯ ಚಾಪೆ ಹೆಣೆದು ಮಾರುತ್ತಿದ್ದಳು. ಗಂಡ ತೀರಿಹೋಗಿದ್ದ. ಇದ್ದೊಬ್ಬ ಮಗನನ್ನು ಪಟ್ಟಣದ ಕಾಲೇಜಿಗೆ ಕಳಿಸಿದಳು. ಮಗ ಜಾಣ. ಮನುಷ್ಯರೆಲ್ಲ ಸಮಾನರು ಎಂದು ಅವನು ರಾಜ್ಯಶಾಸ್ತ್ರದ ತರಗತಿಯಲ್ಲಿ ಎದ್ದು ನಿಂತು ಮಾತಾಡಿದರೆ ಮೇಷ್ಟರೇ ಚಪ್ಪಾಳೆ ತಟ್ಟುತ್ತಿದ್ದರು. ಭಾಷೆಗಳನ್ನು ಸಲೀಸಾಗಿ ಕಲಿತ. ಸಮಾಜಶಾಸ್ತ್ರದಲ್ಲಂತೂ ಬಡವರ ವಿಚಾರ ಅವನಷ್ಟು ಚೆನ್ನಾಗಿ ಬರೆಯುವವರೇ ಇರಲಿಲ್ಲ. ತಾನು ಯಾರ ಮಗ ಎಂಬುದನ್ನು ಮಾತ್ರ ಮುಚ್ಚಿಟ್ಟಿದ್ದ. ಗೆಳೆಯರು ಕೇಳಿದರೆ ಅಪ್ಪ ವ್ಯಾಪಾರಿ, ಅಮ್ಮ ತೀರಿಕೊಂಡಳು ಎನ್ನುತ್ತಿದ್ದ.

ಒಂದು ದಿನ ಸಮಾಜಶಾಸ್ತ್ರದ ಮೇಷ್ಟರು ಹುಡುಗರನ್ನು ಬಸ್ಸಿನಲ್ಲಿ ಕರೆದುಕೊಂಡು ಹೊರಟರು. ಒಂದು ಕೇರಿಗೆ ಹೋಗಿ, ಅಲ್ಲಿನ ಜನ ಹೇಗೆ ಬದುಕುತ್ತಾರೆಂದು ಕೇಳಿ ತಿಳಿಯುವುದು ಅವತ್ತಿನ ಪಾಠ. ಯಾವ ಊರು ಎಂದು ಅವರು ಮೊದಲೇ ಹೇಳಿರಲಿಲ್ಲ. ಬಸ್ಸು ನಿಂತಾಗ ಹುಡುಗ ಕಿಟಕಿಯಿಂದ ನೋಡಿದ. ಅದು ಅವನದೇ ಕೇರಿ. ಹೊಟ್ಟೆನೋವು ಎಂದು ಬಸ್ಸಿನಲ್ಲೇ ಕೂರಲು ನೋಡಿದ. ಗೆಳೆಯರು ಬಿಡಲಿಲ್ಲ. ಮಾತು ಬಲ್ಲವನು ನೀನೇ ಎಂದು ಮುಂದೆ ತಳ್ಳಿದರು.

ಕೇರಿಯವರು ಕೂಲಿಗೆ ಹೋಗಿದ್ದರು. ತಾಯಿ ಒಬ್ಬಳೇ ಅಂಗಳದಲ್ಲಿ ಚಾಪೆ ಹೆಣೆಯುತ್ತಿದ್ದಳು. ಮಗನನ್ನು ಕಂಡು ಅವಳ ಮುಖ ಅರಳಿತು. ಹೆಸರು ಹಿಡಿದು ಕರೆಯಲು ಬಾಯಿ ತೆರೆದಳು. ಅಷ್ಟರಲ್ಲಿ ಮಗ, ಯಾರದೋ ಮನೆಗೆ ಬಂದವನ ಹಾಗೆ, “ಏನಮ್ಮಾ, ನಿಮ್ಮ ಮನೇಲಿ ಎಷ್ಟು ಜನ ಇದೀರಿ?” ಎಂದು ಕೇಳಿಬಿಟ್ಟ.

ತಾಯಿ ಅವನ ಮುಖ ನೋಡಿದಳು. ಹಿಂದೆ ನಿಂತಿದ್ದ ಹುಡುಗರ ಬಟ್ಟೆಬರೆ ನೋಡಿದಳು. ಅವಳಿಗೆ ಅರ್ಥವಾಯಿತು.

“ನಾನೊಬ್ಳೇ ಸ್ವಾಮಿ. ಮಗ ಅದಾನೆ, ದೂರದಾಗೆ ಓದ್ತಾನೆ. ನಿಮ್ಮಂಗೇ,” ಎಂದಳು.

ಒಳಗೆ ಹೋಗಿ ಬೆಲ್ಲ ನೀರು ತಂದಳು. ಆ ಕಡೆ ಹೊರಗಿನವರು ಬಂದರೆ ಬೆಲ್ಲ ನೀರು ಕೊಡುತ್ತಾರೆ. ಮನೆಯವರಿಗೆ ಯಾರೂ ಕೊಡುವುದಿಲ್ಲ, ಬಾಯಾರಿದರೆ ಅವರೇ ಹೋಗಿ ಕುಡಿಯುತ್ತಾರೆ. ಅವಳು ಎಲ್ಲರಿಗೂ ಕೊಟ್ಟಳು. ಮಗನಿಗೂ ಕೊಟ್ಟಳು, ಎರಡೂ ಕೈಯಲ್ಲಿ ಹಿಡಿದು.

ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಅಷ್ಟು ಭಾಷೆ ಕಲಿತ ಬಾಯಿಗೆ ಅವ್ವ ಎನ್ನಲಾಗಲಿಲ್ಲ. ಬೆಲ್ಲ ತಿಂದ, ನೀರು ಕುಡಿದ, ಬಸ್ಸು ಹತ್ತಿದ. ದಾರಿಯಲ್ಲಿ ಗೆಳೆಯನೊಬ್ಬ, “ಪಾಪ, ಒಳ್ಳೆ ಹೆಂಗಸು ಕಣೋ” ಎಂದ. ಅದಕ್ಕೂ ಇವನು ಹೌದು ಎಂದು ತಲೆಯಾಡಿಸಿದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ ಅವನು ಮನೆಗೆ ಹೋಗಲಿಲ್ಲವೇ, ಬುದ್ಧಿ?” ಎಂದ ಹಾಲೇಶ.

“ಹೋಗದೆ ಏನು? ಹಬ್ಬಕ್ಕೆ ಹೋದ. ಅವಳು ಒಂದು ಮಾತೂ ಎತ್ತಲಿಲ್ಲ. ಬಿಸಿ ಮುದ್ದೆ ಇಟ್ಟು ಉಣ್ಣಪ್ಪಾ ಅಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಆ ನಾಚಿಕೆ ಅವನನ್ನು ಇವತ್ತಿಗೂ ಬಿಟ್ಟಿಲ್ಲ.”

ಹಾಲೇಶ ಮತ್ತೆ ಕೇಳಿದ: “ಹಾಗಾದರೆ ನಾನು ಯಾವ ವಿಷಯ ತೆಗೆದುಕೊಳ್ಳಲಿ, ಬುದ್ಧಿ?”

“ಯಾವುದಾದರೂ ಆದೀತು. ಮೊದಲು, ಗೇಟಿನಾಚೆ ಬಿಸಿಲಿನಲ್ಲಿ ನಿಲ್ಲಿಸಿ ಬಂದಿದ್ದೀಯಲ್ಲ, ನಿಮ್ಮಪ್ಪನನ್ನು ಒಳಗೆ ಕರಿ.”