ಯಾರೋ ಮೇಷ್ಟ್ರು

ಹೊಳೆ ದಂಡೆಯ ಹೆಂಚಿನ ಮನೆಯಲ್ಲಿ ಮೇಷ್ಟ್ರು ಹಾಸಿಗೆ ಹಿಡಿದು ಒಂದು ಮಳೆಗಾಲ ಕಳೆದಿತ್ತು.

ಬೆಳಿಗ್ಗೆ ಸ್ಕೂಲಿಗೆ ಪಾಠ ಮಾಡಲು ಹೋಗುವ ಮುಂಚೆ, ಸಂಜೆ ಸ್ಕೂಲು ಬಿಟ್ಟ ಮೇಲೆ, ಅವರ ಹಳೆಯ ವಿದ್ಯಾರ್ಥಿನಿ ವನಮಾಲಾ ಬರುತ್ತಿದ್ದಳು. ಹಾಸಿಗೆ ಬಟ್ಟೆ ಬದಲಿಸಬೇಕು, ಗಂಜಿ ಕಾಯಿಸಬೇಕು, ಔಷಧಿ ಕುಡಿಸಬೇಕು. ಮೇಷ್ಟ್ರ ಹತ್ತಿರ ತರ್ಕ ಕಲಿತವರು ಊರ ತುಂಬ ಇದ್ದರು. ಭಾನುವಾರ ಮೋಸಂಬಿ ಹಿಡಿದುಕೊಂಡು ಬಂದು, ಕೈಮುಗಿದು ನಿಂತು, ಹೊರಟುಹೋಗುತ್ತಿದ್ದರು. ಸೋಮವಾರದಿಂದ ಮತ್ತೆ ಅವಳೊಬ್ಬಳೇ.

ಮೇಷ್ಟ್ರ ಹೆಸರು ಯಾರೊಸ್ಲಾವ್. ಯುದ್ಧದ ಕಾಲದಲ್ಲಿ ತಮ್ಮ ದೇಶ ಬಿಟ್ಟು, ಹಡಗು ಹತ್ತಿ ಬಂದವರು. ಇಲ್ಲಿಯ ಕಾಲೇಜಿನಲ್ಲಿ ತಲೆ ಬೆಳ್ಳಗಾಗುವ ತನಕ ತತ್ವಶಾಸ್ತ್ರ ಹೇಳಿಕೊಟ್ಟವರು. ಅಷ್ಟುದ್ದದ ಹೆಸರಿಗೆ ಊರಿನವರ ನಾಲಿಗೆ ಹೊರಳಲಿಲ್ಲ. ಯಾರೋ ಮೇಷ್ಟ್ರು ಅಂದರು. ಅದೇ ನಿಂತುಹೋಯಿತು.

ಹೊಸ ಪೋಸ್ಟ್‌ಮ್ಯಾನ್ ಬಂದಾಗಲೆಲ್ಲ ಅದೇ ತಮಾಷೆ.

“ಇದು ಯಾರ ಮನೆ?”

“ಯಾರೋ ಮೇಷ್ಟ್ರ ಮನೆ.”

“ಅದೇ, ಯಾರ ಮನೆ ಅಂತ ಕೇಳ್ತಿರೋದು.”

ವನಮಾಲಾಗೆ ಇದು ಹಿಡಿಸುತ್ತಿರಲಿಲ್ಲ. ಮೇಷ್ಟ್ರು ಮಾತ್ರ, “ಇಷ್ಟು ನಿಖರವಾದ ಹೆಸರನ್ನು ನನಗೆ ಯಾರೂ ಇಟ್ಟಿರಲಿಲ್ಲ,” ಅನ್ನುತ್ತಿದ್ದರು.

ಅವರಿಗೆ ಕನ್ನಡ ಕಲಿಸಿದ ಪಂಡಿತರು ಮೊದಲ ದಿನವೇ ಎಚ್ಚರಿಸಿದ್ದರಂತೆ. “ಬಹುವಚನ ಒಂದು ಕಲೀರಿ, ಸಾಕು. ಏಕವಚನದ ತಂಟೆಗೆ ಹೋಗಬೇಡಿ, ಏಟು ತಿಂತೀರಿ.” ಅಂದಿನಿಂದ ಮೇಷ್ಟ್ರಿಗೆ ಎಲ್ಲರೂ ‘ನೀವು’. ಅಂಬೆಗಾಲಿಡುವ ಮಗುವಿಗೂ ‘ಬನ್ನಿ’. ಹಿತ್ತಿಲಿಗೆ ನುಗ್ಗಿದ ಎಮ್ಮೆಗೂ ‘ದಯವಿಟ್ಟು ಹೊರಗೆ ಹೋಗಿ’.

ಊರೂ ಅವರಿಗೆ ಅಷ್ಟೇ ಮರ್ಯಾದೆ ಕೊಟ್ಟಿತ್ತು. ಯಾರ ಮನೆಗೆ ಹೋದರೂ ಒಳಗಿನಿಂದ ಕುರ್ಚಿ ತಂದು, ಟವೆಲಿನಿಂದ ಒರೆಸಿ ಹಾಕುತ್ತಿದ್ದರು. ಉಳಿದವರೆಲ್ಲ ಚಾಪೆಯ ಮೇಲೆ. ಮದುವೆ ಮನೆಯಲ್ಲಿ ಎಲ್ಲರೂ ನೆಲದ ಪಂಕ್ತಿಯಲ್ಲಿ ಕೂತರೆ ಮೇಷ್ಟ್ರಿಗೆ ಬೇರೆ ಮೇಜು. ತಮಗೂ ಚಕ್ಕಳಮಕ್ಕಳ ಹಾಕಲು ಬರುತ್ತದೆಂದು ಅವರು ಹೇಳುವಷ್ಟರಲ್ಲಿ ಎಲೆ ಮೇಜಿನ ಮೇಲೆ ಬಂದಿರುತ್ತಿತ್ತು.

ಒಂದು ಸಂಜೆ ಚಿಕ್ಕವೀರಯ್ಯ ಬಂದ. ವನಮಾಲಾಳ ಜೊತೆ ಓದಿದವನು, ಈಗ ಅದೇ ಕಾಲೇಜಿನ ಪ್ರಿನ್ಸಿಪಾಲ.

“ಮೇಷ್ಟ್ರ ಬಗ್ಗೆ ಒಂದು ಪುಸ್ತಕ ತರ್ತಿದೀವಿ ಕಣಮ್ಮ. ಅವರ ಜೀವನ ನೀನೇ ಬರೀಬೇಕು. ನಿನಗಿಂತ ಹತ್ತಿರದವರು ಯಾರಿದಾರೆ?”

“ಬರೆಯೋ ಕೆಲಸ ಬಂದಾಗ ನಾನು ಹತ್ತಿರದವಳು. ಹಾಸಿಗೆ ಬಟ್ಟೆ ಒಗೆಯೋಕೆ ಬರ್ತೀಯಾ?”

ಚಿಕ್ಕವೀರಯ್ಯ ನಕ್ಕು, ಮೋಸಂಬಿ ಚೀಲ ಇಟ್ಟು, ಬಾಗಿಲಲ್ಲೇ ನಿಂತು ಮೇಷ್ಟ್ರಿಗೆ ಕೈಮುಗಿದು ಹೋದ.

ಬರೆಯುವುದಿಲ್ಲ ಅಂತ ಮಾತ್ರ ಅವಳು ಅನ್ನಲಿಲ್ಲ. ಮೇಷ್ಟ್ರ ಜೀವನವನ್ನು ಬೇರೆ ಯಾರೋ ತಪ್ಪು ತಪ್ಪಾಗಿ ಬರೆಯುವುದನ್ನು ಅವಳು ಸಹಿಸುವವಳಲ್ಲ.

ಬರೆಯಲು ಬೇಕಾದಷ್ಟಿತ್ತು. ಅವಳ ಓದು ಬಿಡಿಸಿ ಮದುವೆ ಮಾಡಲು ಅಪ್ಪ ಹೊರಟಾಗ ಮೇಷ್ಟ್ರು ಮನೆಗೇ ಬಂದಿದ್ದರು. ಅಪ್ಪ ಕುರ್ಚಿ ಹಾಕಿದ್ದ.

“ಹುಡುಗಿಗೆ ತರ್ಕ ಯಾಕೆ ಸ್ವಾಮಿ?”

“ನನಗೆ ಗೊತ್ತಿಲ್ಲ. ಅವರನ್ನೇ ಕೇಳಿ.”

‘ಅವರು’ ಯಾರೆಂದು ತಿಳಿಯದೆ ಅಪ್ಪ ಸುತ್ತ ನೋಡಿದ್ದ. ಕೊನೆಗೆ ಮಗಳ ಕಡೆ ನೋಡಿದ್ದ. ಅವಳ ಓದು ನಿಲ್ಲಲಿಲ್ಲ.

ಆ ಋಣಕ್ಕೇ ಅವಳು ಇಷ್ಟು ದಿನ ಗಂಜಿ ಕಾಯಿಸುತ್ತಿದ್ದಳು ಅನ್ನಬೇಕು.

ಸ್ಟೂಲು ಎಳೆದುಕೊಂಡು, ಹಾಳೆ ಮಡಿಲಲ್ಲಿಟ್ಟು ಕೇಳಿದಳು. “ಮೇಷ್ಟ್ರೇ, ಮೊದಲನೇ ಸಾಲಿಗೆ ಊರು ಬೇಕು. ನಿಮ್ಮೂರು ಯಾವುದು ಅಂತ ಬರೀಲಿ?”

“ಹುಟ್ಟಿದ ಊರಿಗೆ ಈಗ ಬೇರೆ ಹೆಸರು. ಆ ದೇಶಕ್ಕೂ ಬೇರೆ ಹೆಸರು. ಭೂಪಟದಲ್ಲಿ ಹುಡುಕಿದರೆ ಸಿಗುವುದಿಲ್ಲ.”

“ಹಾಗಾದ್ರೆ ಇದೇ ನಿಮ್ಮೂರು ಅಂತ ಬರೀತೀನಿ.”

ಮೇಷ್ಟ್ರು ಬೇಡವೆಂದು ಕೈಯಾಡಿಸಿದರು.

“ಬರೆಯಬೇಡಿ. ನಾನಿನ್ನೂ ತಲುಪಿಲ್ಲ.”

ಅವಳ ಪೆನ್ನು ನಿಂತಲ್ಲೇ ನಿಂತಿತು. ಇಷ್ಟು ವರ್ಷ ಈ ಹೊಳೆಯ ನೀರು ಕುಡಿದು, ಇಲ್ಲಿಯ ಮಕ್ಕಳಿಗೆ ಪಾಠ ಹೇಳಿ, ಕೊನೆಗಾಲದಲ್ಲಿ ಇನ್ನೂ ತಲುಪಿಲ್ಲವಂತೆ. ಇವರು ಪರದೇಶಿಯ ಹಾಗೆ ಕಣ್ಣು ಮುಚ್ಚುವುದನ್ನು ನೋಡಲು ತಾನು ಇಷ್ಟು ಸವೆದದ್ದೇ?

“ನಾವೇನು ಕಮ್ಮಿ ಮಾಡಿದ್ವಿ ಮೇಷ್ಟ್ರೇ?”

“ಏನೂ ಕಡಿಮೆಯಾಗಿಲ್ಲ,” ಅಂದರು ಮೇಷ್ಟ್ರು. “ಸ್ವಲ್ಪ ಹೆಚ್ಚಾಗಿದೆ.”

ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಕೇಳುವ ತ್ರಾಣವೂ ಇರಲಿಲ್ಲ. ಹಾಳೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು.

ಮಾರನೆಯ ಸಂಜೆ ಹೊಳೆಯ ಮೆಟ್ಟಿಲ ಕಡೆಯಿಂದ ಸಿದ್ದಮ್ಮನ ಗಂಟಲು ಕೇಳಿಸುತ್ತಿತ್ತು. ಪಕ್ಕದ ಮನೆಯವಳು, ಹಗಲು ಹೊತ್ತು ಮೇಷ್ಟ್ರ ಮೇಲೆ ಕಣ್ಣಿಟ್ಟಿರುತ್ತಿದ್ದವಳು. ಈಗ ಗಂಡನಿಗೆ ಬೈಯುತ್ತಿದ್ದಳು.

“ಎಲ್ಲಿ ಹಾಳಾಗಿ ಹೋಗಿದ್ದೆ? ಮುದ್ದೆ ಆರಿ ಕಲ್ಲಾಗೈತೆ. ಬಂದು ತಿನ್ನು, ಬಾ.”

ಮೇಷ್ಟ್ರು ಕಿಟಕಿಯ ಕಡೆ ಕಿವಿಗೊಟ್ಟಿದ್ದರು.

“ಎಂಥ ಪುಣ್ಯವಂತರು,” ಅಂದರು.

“ಯಾರು? ಆ ಬೈಸಿಕೊಳ್ತಿರೋನಾ?”

“ಹೌದು, ಅವರೇ.”

ವನಮಾಲಾ ಗಂಜಿಗೆ ಉಪ್ಪು ಹಾಕಿ ಕಲೆಸಿದಳು. ಜ್ವರ ಏರಿದೆಯೇನೋ ಎಂದು ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು.

“ನೀವು ಬಿ.ಎ. ಓದುವಾಗ ತರಗತಿಗೆ ಒಂದು ಪ್ರಶ್ನೆ ಕೇಳಿದ್ದೆ,” ಅಂದರು ಮೇಷ್ಟ್ರು. “ಉತ್ತರ ಬರಲಿಲ್ಲ.”

“ಯಾವ ಪ್ರಶ್ನೆ?”

“ನೀವೆಲ್ಲ ದೇವರಿಗೆ ನೀನು ಅನ್ನುತ್ತೀರಿ. ತಾಯಿಗೆ ನೀನು ಅನ್ನುತ್ತೀರಿ. ತಾಲೂಕು ಕಚೇರಿಯ ಗುಮಾಸ್ತರಿಗೆ ನೀವು ಅನ್ನುತ್ತೀರಿ. ಇದರಲ್ಲಿ ಮರ್ಯಾದೆ ಯಾವುದು?”

“ನೆನಪಿದೆ. ಎಲ್ಲರೂ ನಕ್ಕುಬಿಟ್ವಿ.”

“ನಗು ಉತ್ತರವಲ್ಲ. ಯೋಚಿಸಿ. ನಿಮಗಿನ್ನೂ ಸಮಯವಿದೆ.”

“ನನಗೆಲ್ಲಿದೆ ಮೇಷ್ಟ್ರೇ ಸಮಯ? ಚೀಲದ ತುಂಬ ಉತ್ತರಪತ್ರಿಕೆ ಕೂತಿದೆ. ಬಾಯಿ ತೆಗೀರಿ.”

ಆ ವಾರ ಸ್ಕೂಲಿನಲ್ಲಿ ಪರೀಕ್ಷೆ. ನಿಂತು ನಿಂತು ಅವಳ ಕಾಲು ಊದಿಕೊಂಡಿತ್ತು. ಶನಿವಾರ ಬರುವ ಹೊತ್ತಿಗೆ ಸಿದ್ದಮ್ಮ ಮುಖ ಗಂಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. “ಬೆಳಗಿನಿಂದ ಒಂದು ತೊಟ್ಟೂ ಇಳಿಸಿಲ್ಲ ಕಣಮ್ಮ. ಮಾತಲ್ಲೇ ಹೊಟ್ಟೆ ತುಂಬಿಸ್ತಾರೆ.”

ವನಮಾಲಾ ಹಾಸಿಗೆ ಬಟ್ಟೆ ಬದಲಿಸಿ, ಗಂಜಿ ಬಿಸಿ ಮಾಡಿ ತಂದಳು. ಸ್ಟೂಲು ಮೂಲೆಯಲ್ಲಿತ್ತು. ಎಳೆದು ತರಲು ಕೈ ಏಳಲಿಲ್ಲ. ಹಾಸಿಗೆಯ ಅಂಚಿಗೇ ಕೂತುಬಿಟ್ಟಳು.

ಮೇಷ್ಟ್ರು ಮುಖ ತಿರುಗಿಸಿದರು. “ಹಸಿವಿಲ್ಲದವರ ಮುಂದೆ ಇಟ್ಟದ್ದನ್ನು ಆಹಾರ ಅನ್ನಬಹುದೇ?”

“ಅನ್ನಬಹುದು. ಕುಡೀರಿ.”

“ಯಾವ ಆಧಾರದ ಮೇಲೆ?”

“ಡಾಕ್ಟರು ಹೇಳಿದ ಆಧಾರದ ಮೇಲೆ.”

“ಅದು ಆಪ್ತವಾಕ್ಯವಾಯಿತು, ನಂಬಿದವರ ಮಾತು. ನಾನು ತರ್ಕ ಕೇಳಿದೆ.” ಅವರು ಕೈ ಎತ್ತಿದರು. ಬಟ್ಟಲಿಗೆ ತಗುಲಿ, ಅರ್ಧ ಗಂಜಿ ಆಗತಾನೇ ಹಾಸಿದ ಮಡಿ ಬಟ್ಟೆಯ ಮೇಲೆ ಹರಿಯಿತು.

“ಸಾಕು ಮಾಡು ನಿನ್ನ ತರ್ಕಾನ,” ಅಂದಳು ವನಮಾಲಾ. “ಬಾಯಿ ಮುಚ್ಕೊಂಡು ಕುಡಿ.”

ಬಾಗಿಲಲ್ಲಿದ್ದ ಸಿದ್ದಮ್ಮ ಮೆಲ್ಲಗೆ ಜಾಗ ಖಾಲಿ ಮಾಡಿದಳು.

ವನಮಾಲಾ ಬಟ್ಟಲು ಕೆಳಗಿಟ್ಟಳು. ಅವಳ ಅಪ್ಪ ಕೂಡ ಕುರ್ಚಿ ಹಾಕಿ ಮಾತಾಡಿಸಿದ ಮನುಷ್ಯನಿಗೆ ಏಕವಚನ!

“ತಪ್ಪಾಯ್ತು ಮೇಷ್ಟ್ರೇ. ನಿಮಗೆ ಹಾಗನ್ನಬಾರದಿತ್ತು. ಸುಸ್ತಾಗಿತ್ತು. ಬಾಯಿ ತಪ್ಪಿ ಬಂತು.”

ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು.

“ಬಾಯಿ ಮುಚ್ಚಿಕೊಂಡರೆ,” ಅಂದರು ನಿಧಾನವಾಗಿ, “ಕುಡಿಯುವುದು ಹೇಗೆ?”

ಅವಳಿಗೆ ನಗಲೂ ಶಕ್ತಿಯಿರಲಿಲ್ಲ.

ಅವರು ಬಾಯಿ ತೆರೆದರು. ಅವಳು ಬಟ್ಟಲಲ್ಲಿ ಉಳಿದದ್ದನ್ನು ಒಂದೊಂದೇ ಚಮಚ ಕುಡಿಸಿದಳು. ಮುಗಿಯುವ ತನಕ ಮೇಷ್ಟ್ರು ಒಂದು ಪ್ರಶ್ನೆಯನ್ನೂ ಎತ್ತಲಿಲ್ಲ.

ಸೆರಗಿನ ತುದಿಯಿಂದ ಅವರ ಗಲ್ಲ ಒರೆಸಿ ಅವಳು ಏಳಹೋದಳು. ಮೇಷ್ಟ್ರು ಅವಳ ಮಣಿಕಟ್ಟು ಹಿಡಿದರು.

“ಆ ಮೊದಲನೇ ಸಾಲು ಖಾಲಿ ಇದೆಯಲ್ಲ.”

“ಇದೆ ಮೇಷ್ಟ್ರೇ. ಆಮೇಲೆ ನೋಡಿದರಾಯ್ತು.”

“ಈಗಲೇ ಬರೆದುಕೋ, ವನಮಾಲಾ. ಊರು ತಲುಪಿದ ಅಂತ. ತಲುಪಿದರು ಅಂತ ಬರೆಯಬೇಡ.”