ಕನಕದ ಒಂದೂವರೆ ಸುತ್ತು

ಹೊಳೆದಂಡೆಯಲ್ಲಿ ಮರುಳಯ್ಯನವರ ಆಶ್ರಮ. ಅಲ್ಲಿ ಶಬ್ದಗಳ ಗಣಿತ ಕಲಿಸುತ್ತಿದ್ದರು: ಒಂದು ಶಬ್ದದ ಅಕ್ಷರಗಳು ಎಷ್ಟಕ್ಕೊಮ್ಮೆ ಮರುಕಳಿಸುತ್ತವೆ, ಒಟ್ಟು ಎಷ್ಟು ಸುತ್ತು ಬರುತ್ತವೆ ಎಂಬ ಲೆಕ್ಕ.

ಹಿರಿಯ ಶಿಷ್ಯೆ ದಾನಮ್ಮ ಆ ಲೆಕ್ಕಕ್ಕೊಂದು ಪ್ರೋಗ್ರಾಂ ಬರೆದಿದ್ದಳು. ಸಹಪಾಠಿ ಈರಣ್ಣ ಅದರಲ್ಲಿ ತಪ್ಪಿದೆ ಎಂದ. ಎಲ್ಲರೆದುರೇ ಎಂದ.

ದಾನಮ್ಮನಿಗೆ ಮೈ ಉರಿಯಿತು. ಅವನ ಎರಡು ವರ್ಷದ ಟಿಪ್ಪಣಿಗಳನ್ನು ಹರಿದು ಒಲೆಗೆ ಹಾಕಿದಳು. ಈರಣ್ಣ ಚೀಲ ಹೆಗಲಿಗೇರಿಸಿ ಆಚೆ ದಡಕ್ಕೆ ಹೊರಟುಹೋದ.

ಸುದ್ದಿ ತಿಳಿದ ಗುರುಗಳು ನೇರ ಅವಳ ಕಂಪ್ಯೂಟರಿನ ಮುಂದೆ ಬಂದು ನಿಂತರು.

"'ಕನಕ' ಎಂದು ಹಾಕು."

ಹಾಕಿದಳು. ಪರದೆಯ ಮೇಲೆ ಉತ್ತರ ಮೂಡಿತು: ಒಂದೇ ಸುತ್ತು, ಮರುಕಳಿಕೆ ಇಲ್ಲ.

"ಕ ಆಯಿತು, ನ ಆಯಿತು. ಆಮೇಲೆ ಬಂದದ್ದೇನು?"

"ಮತ್ತೆ ಕ. ಆದರೆ ಅದರ ಬೆನ್ನಿಗೆ ನ ಬರಲಿಲ್ಲವಲ್ಲ, ಗುರುಗಳೇ."

"ಒಂದು ಸುತ್ತಿನಲ್ಲಿ ಎರಡಕ್ಷರ. ಶಬ್ದದಲ್ಲಿ ಮೂರಕ್ಷರ. ಎಷ್ಟು ಸುತ್ತಾಯಿತು?"

ದಾನಮ್ಮ ಹಲ್ಲು ಕಚ್ಚಿದಳು. "ಒಂದೂವರೆ. ಈರಣ್ಣನೂ ಅದನ್ನೇ ಬಡಬಡಿಸಿದ. ಪೂರ್ತಿಯಾಗದ ಸುತ್ತನ್ನು ನಾನು ಎಣಿಸುವುದಿಲ್ಲ. ಅರ್ಧಂಬರ್ಧಕ್ಕೆ ಏನು ಬೆಲೆ? ಮೂರು ವರ್ಷ ಕೂತು ಬರೆದವಳು ನಾನು, ಅವನಲ್ಲ!"

ಗುರುಗಳ ಮುಖ ಕೆಂಪಾಯಿತು. ಅವರಿಗೆ ಸಿಟ್ಟು ಬಂದದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

"ನಡೆ. ಈರಣ್ಣನನ್ನು ಕರೆತರೋಣ."

"ನಾನು ಬರುವುದಿಲ್ಲ."

"ನಡೆ ಅಂದೆ!"

ಹರಿಗೋಲು ಹತ್ತಿದರು. ಹುಟ್ಟು ಗುರುಗಳ ಕೈಯಲ್ಲೇ. ದಾನಮ್ಮ ಮುಖ ತಿರುಗಿಸಿ ಕೂತಳು. ತಪ್ಪಾಯಿತು ಎನ್ನಬೇಕಾದವನು ಅವನು, ನಾನು ಯಾಕೆ ಹೋಗಿ ಕೈಮುಗಿಯಲಿ ಎಂದು ಒಳಗೇ ಕುದಿಯುತ್ತಿದ್ದಳು.

ನಡುಹೊಳೆಯಲ್ಲಿ ಗುರುಗಳು ಹುಟ್ಟನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು. ಹರಿಗೋಲು ಸೆಳವಿಗೆ ಸಿಕ್ಕಿ ಗಿರ್ರನೆ ತಿರುಗತೊಡಗಿತು. ದಾನಮ್ಮ ಎರಡೂ ಕೈಯಲ್ಲಿ ಅಂಚನ್ನು ಬಿಗಿಯಾಗಿ ಹಿಡಿದಳು.

"ಏನು ಮಾಡ್ತಿದ್ದೀರಿ ಗುರುಗಳೇ? ಹುಟ್ಟು ಹಾಕಿ!"

"ಯಾಕೆ, ದಾಟಿದೆವಾ?"

"ಎಲ್ಲಿ ದಾಟಿದೆವು? ಅರ್ಧ ಹೊಳೆಗೆ ಬಂದಿದ್ದೇವೆ!"

"ಅರ್ಧವನ್ನು ಎಣಿಸದವಳು ನೀನು," ಎಂದರು ಗುರುಗಳು. "ನಿನ್ನ ಲೆಕ್ಕದಲ್ಲಿ ನಾವಿನ್ನೂ ದಡದಲ್ಲೇ ಇದ್ದೇವೆ. ಇಳಿ."