ಪೆನ್ಸಿಲಿನಲ್ಲಿ ಬರೆದ ದಾರಿ

"ಗುರುಗಳೇ, ಸ್ಟಿಯರಿಂಗ್ ಹಿಡಿಯುವವನು ನಾನು. ಪಕ್ಕದಲ್ಲಿ ಕೂತು ದಾರಿ ಓದುವವನು ನನಗೆ ಎದುರಾಡದೆ ಇದ್ದರೆ ಸಾಲದೇ?"

ಹೀಗೆ ಕೇಳಿದವನು ಪೊನ್ನಪ್ಪ. ಅವನು ಕಾರು ರ‍್ಯಾಲಿ ಕಲಿಯಲು ಬಂದು ಇನ್ನೂ ತಿಂಗಳಾಗಿರಲಿಲ್ಲ. ತಿರುವು ತಿರುವಿಗೂ ತಕರಾರು ತೆಗೆಯುವ ಗೆಳೆಯನನ್ನು ಬಿಟ್ಟು, ಹೇಳಿದ್ದಕ್ಕೆಲ್ಲ ಹೂಂಗುಡುವ ಭಾವಮೈದುನನನ್ನು ಕೂರಿಸಿಕೊಳ್ಳಬೇಕೆಂದು ಆಗಲೇ ನಿಶ್ಚಯಿಸಿದ್ದ. ಗುರುವಿನ ಒಪ್ಪಿಗೆಯೊಂದು ಬಾಕಿಯಿತ್ತು, ಅಷ್ಟೇ. ಗುರು ಮಾದಯ್ಯ ಒಪ್ಪಿಗೆ ಕೊಡಲಿಲ್ಲ, ಕತೆ ಹೇಳಿದರು.

ಒಬ್ಬ ಚಾಲಕನಿದ್ದ. ಅವನಿಗೊಬ್ಬ ಜೊತೆಗಾರ. ರ‍್ಯಾಲಿಯ ಪದ್ಧತಿಯಂತೆ ಇಬ್ಬರೂ ಸ್ಪರ್ಧೆಗೆ ಮುಂಚೆ ಆ ದಾರಿಯಲ್ಲಿ ನಿಧಾನವಾಗಿ ಹೋಗಿಬರುತ್ತಿದ್ದರು. ಚಾಲಕ ಒಂದೊಂದು ತಿರುವನ್ನೂ ಅಳೆದು ಹೇಳುವನು, ಜೊತೆಗಾರ ಪುಸ್ತಕವೊಂದರಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುವನು. ಸ್ಪರ್ಧೆಯ ದಿನ ಅವನು ಓದಿದಂತೆ ಇವನು ಓಡಿಸಬೇಕು. ದಿಣ್ಣೆಯ ಆಚೆ ಏನಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ಕಿವಿಯೇ ಗತಿ.

ಜೊತೆಗಾರ ಅಂಜುಬುರುಕನಲ್ಲ, ಕಂಡದ್ದನ್ನು ಹೇಳುವವನು. "ಈ ತಿರುವು ಮುಂದೆ ಕಡಿದಾಗುತ್ತೆ, ನಿಧಾನ ಅಂತ ಬರೆದುಕೊಳ್ಳಲಾ?" ಎಂದು ಕೇಳಿದಾಗಲೆಲ್ಲ ಚಾಲಕ ನಗುತ್ತಿದ್ದ. ನಾಲ್ಕು ಜನರ ಎದುರು ಅವನನ್ನು ಅಜ್ಜಿಯೆಂದು ಕರೆದು ಹಂಗಿಸುತ್ತಿದ್ದ. ಎಲುಬಿಲ್ಲದ ನಾಲಿಗೆ, ಆಡಿದ್ದೇ ಆಡಿತು. ಗೆದ್ದಾಗ ಮಾತ್ರ ಗೆದ್ದವನು ತಾನೊಬ್ಬನೇ ಎಂದು ಬೀಗುತ್ತಿದ್ದ.

ಒಂದು ಸಲ ದಿಣ್ಣೆಯ ಆಚೆಯ ತಿರುವನ್ನು ಚಾಲಕ 'ಸಲೀಸು' ಎಂದ. ಜೊತೆಗಾರ ಎದುರಾಡದೆ ಬರೆದುಕೊಂಡ. ಅಂತೂ ಇವನಿಗೂ ಧೈರ್ಯ ಬಂತು ಎಂದು ಚಾಲಕ ಹಿಗ್ಗಿದ.

ಸ್ಪರ್ಧೆಯ ದಿನ ಆ ದಿಣ್ಣೆ ಬಂತು. ಜೊತೆಗಾರ ಸ್ಪಷ್ಟವಾಗಿ ಓದಿದ, ಸಲೀಸು ಎಂದು. ಚಾಲಕ ವೇಗ ತಗ್ಗಿಸಲಿಲ್ಲ. ತಿರುವು ಸಲೀಸಾಗಿರಲಿಲ್ಲ. ಕಾರು ಕಣಿವೆಗೆ ಉರುಳಿತು. ಚಾಲಕ ಬದುಕಿದ, ಜೊತೆಗಾರ ಬದುಕಲಿಲ್ಲ.

ಎಷ್ಟೋ ದಿನದ ಮೇಲೆ ಆ ಪುಸ್ತಕ ಚಾಲಕನ ಕೈಗೆ ಬಂತು. ಆ ತಿರುವಿನ ಸಾಲಿನಲ್ಲಿ 'ನಿಧಾನ' ಎಂದು ಮೊದಲು ಬರೆದು, ಉಜ್ಜಿ ಅಳಿಸಿದ ಗುರುತಿತ್ತು. ಅದರ ಮೇಲೆ 'ಸಲೀಸು' ಎಂದು ಬರೆದಿತ್ತು.

ಕತೆ ಮುಗಿದರೂ ಪೊನ್ನಪ್ಪನಿಗೆ ತನ್ನ ನಿಶ್ಚಯ ಬಿಡಲು ಮನಸ್ಸು ಬರಲಿಲ್ಲ. "ತಪ್ಪೆಂದು ಗೊತ್ತಿದ್ದೂ ಓದಿದನಲ್ಲ, ಹೇಳುವುದಕ್ಕೆ ಅವನಿಗೆ ಬಾಯಿರಲಿಲ್ಲವೇ?" ಎಂದ.

"ಇತ್ತು," ಎಂದರು ಮಾದಯ್ಯ. "ಅದನ್ನು ಮುಚ್ಚಿಸಲು ನನಗೆ ಮೂರು ವರ್ಷ ಹಿಡಿಯಿತು."